ಮುಂಬೈಯಲ್ಲಿ ಐದು ಮಂದಿಗೆ ಕೈಗೆಟುಕುವ ಖೋಲಿ: ಮೊದಲು ಸ್ಟೇಷನ್ ಆರಿಸಿ, ಆಮೇಲೆ ಹೋಟೆಲ್

ಪ್ರಶ್ನೆ: ನಾವು ಗದಗ-ಬೆಟಗೇರಿಯವರು. ದಸರಾ ರಜೆಯಲ್ಲಿ ನಾಲ್ಕು ರಾತ್ರಿ ಮುಂಬೈಗೆ ಹೋಗಬೇಕೆಂದಿದ್ದೇವೆ. ನಾನು, ಹೆಂಡತಿ, 13 ವರ್ಷದ ಮಗ, 7 ವರ್ಷದ ಮಗಳು, ಜೊತೆಗೆ ಮೊಣಕಾಲು ನೋವಿರುವ 68 ವರ್ಷದ ನಮ್ಮ ಅವ್ವ. ಇಳಿದುಕೊಳ್ಳುವ ಖರ್ಚು ದಿನಕ್ಕೆ 4,000 ರೂಪಾಯಿ ಆಸುಪಾಸಿನಲ್ಲಿ ಇರಬೇಕು. ಆ್ಯಪ್‌ನಲ್ಲಿ ನೋಡಿದರೆ ವಾಶಿ, ಅಂಧೇರಿ ಕಡೆ ಅಗ್ಗ, ಊರೊಳಗೆ ತುಟ್ಟಿ ಕಾಣುತ್ತದೆ. ಡೊಂಬಿವಲಿಯಲ್ಲಿ ಸಂಬಂಧಿಕರಿದ್ದಾರೆ, ಆದರೆ ಐದು ಜನ ಹೋಗಿ ಅವರ ಮನೆಯಲ್ಲಿ ಇಳಿಯುವ ಮನಸ್ಸಿಲ್ಲ. ಎಲ್ಲಿ ಹುಡುಕಬೇಕು, ಹೇಗೆ ಬುಕ್ ಮಾಡಬೇಕು?

ಉತ್ತರ: ಹುಬ್ಬಳ್ಳಿಯಲ್ಲಿ ಕೂತು ನಮ್ಮ ಭಾಗದ ಕುಟುಂಬಗಳಿಗೆ ಪ್ರವಾಸದ ವ್ಯವಸ್ಥೆ ಮಾಡಿಕೊಡುವುದು ನನ್ನ ಕೆಲಸ. ಮುಂಬೈಗೆ ಹೋಗುವವರಲ್ಲಿ ಹೆಚ್ಚಿನವರು ನಿಮ್ಮಂತೆಯೇ ಮೊದಲು ಬಾಡಿಗೆ ನೋಡುತ್ತಾರೆ, ಆಮೇಲೆ ಅದು ಎಲ್ಲಿದೆ ಅಂತ ನೋಡುತ್ತಾರೆ. ಮುಂಬೈ ಮಟ್ಟಿಗೆ ಈ ಕ್ರಮವನ್ನು ತಿರುಗಿಸಬೇಕು. ನಿಮ್ಮ ಮನೆಮಂದಿಗೆ ಯಾವ ಸ್ಟೇಷನ್ ಅನುಕೂಲ ಅನ್ನುವುದನ್ನು ಮೊದಲು ತೀರ್ಮಾನಿಸಿ, ಅದರ ಸುತ್ತ ಕಾಲ್ನಡಿಗೆಯಷ್ಟು ದೂರದಲ್ಲಿ ಮಾತ್ರ ಹೋಟೆಲ್ ಹುಡುಕಿ.

ಯಾಕೆ ಅನ್ನುವುದನ್ನು ನಿಮ್ಮದೇ ಲೆಕ್ಕದಲ್ಲಿ ಹೇಳುತ್ತೇನೆ. ನೀವು ಐದು ಜನ. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿ ನಾಲ್ಕು ಜನರದು, ಆಟೋ ಮೂವರದು. ಐದನೆಯವರನ್ನು ಹತ್ತಿಸಿಕೊಳ್ಳಲು ಕೆಲವು ಚಾಲಕರು ಒಪ್ಪಬಹುದು, ಆದರೆ ಅದನ್ನೇ ನಂಬಿ ಹೊರಡಲು ಬರುವುದಿಲ್ಲ. ಅಂದರೆ ನಿಮ್ಮ ಪ್ರತಿ ಓಡಾಟಕ್ಕೂ ಎರಡು ಟ್ಯಾಕ್ಸಿ, ಇಲ್ಲವೇ ತುಟ್ಟಿಯಾದ ದೊಡ್ಡ ಗಾಡಿ. 2025ರ ಫೆಬ್ರುವರಿ 1ರಿಂದ ಜಾರಿಯಾದ ದರದ ಪ್ರಕಾರ ಟ್ಯಾಕ್ಸಿಗೆ ಮೊದಲ ಒಂದೂವರೆ ಕಿಲೋಮೀಟರಿಗೆ 31 ರೂಪಾಯಿ, ಆಮೇಲೆ ಕಿಲೋಮೀಟರಿಗೆ 20 ರೂಪಾಯಿ 66 ಪೈಸೆ. ವಾಶಿಯಿಂದ ಗೇಟ್‌ವೇ ಆಫ್ ಇಂಡಿಯಾಕ್ಕೆ ಸುಮಾರು 28 ಕಿಲೋಮೀಟರ್ ಹಿಡಿದರೂ ಒಂದು ಗಾಡಿಗೆ 580 ರೂಪಾಯಿ ಹತ್ತಿರ ಬರುತ್ತದೆ. ಎರಡು ಗಾಡಿ, ಹೋಗಿ ಬರುವುದು ಸೇರಿ 2,300 ರೂಪಾಯಿ ದಾಟಿತು. ವಾಶಿಯಲ್ಲಿ ಎರಡು ರೂಮಿಗೆ ತಲಾ 500 ರೂಪಾಯಿ ಉಳಿಸಿದಿರಿ ಅಂದುಕೊಳ್ಳಿ, ಆ 1,000 ರೂಪಾಯಿ ಹೋಗುವ ದಾರಿಯಲ್ಲೇ ಕರಗಿ ಹೋಗುತ್ತದೆ. ಮಧ್ಯರಾತ್ರಿಯಿಂದ ಬೆಳಗಿನ 5ರವರೆಗೆ ಮೀಟರಿನ ಮೇಲೆ ಶೇ. 25 ಹೆಚ್ಚು ಬೇರೆ. ಲೋಕಲ್ ರೈಲಿನಲ್ಲಿ ಹೋದರೆ ಖರ್ಚು ತೀರಾ ಕಡಿಮೆ, ನಿಜ. ಇಬ್ಬರು ಹುಡುಗರು ಹೋಗುವುದಾಗಿದ್ದರೆ ವಾಶಿಯಲ್ಲೇ ಇಳಿಯಿರಿ ಅನ್ನುತ್ತಿದ್ದೆ. ಆದರೆ ಮೊಣಕಾಲು ನೋವಿರುವ ತಾಯಿಯನ್ನು ಕರೆದುಕೊಂಡು ಬೆಳಿಗ್ಗೆ ಸಂಜೆಯ ಗದ್ದಲದಲ್ಲಿ ಲೋಕಲ್ ಹತ್ತುವುದು, ಪಾದಚಾರಿ ಸೇತುವೆಯ ಮೆಟ್ಟಿಲು ಹತ್ತಿಳಿಯುವುದು, ನಾಲ್ಕು ದಿನ ಆಗುವ ಮಾತಲ್ಲ. ನಿಮ್ಮ ಪ್ರವಾಸ ಹೇಗೆ ನಡೆಯಬೇಕೆಂದು ನಿಶ್ಚಯಿಸುವವರು ಅವರು, ಆ್ಯಪ್‌ನ ದರಪಟ್ಟಿ ಅಲ್ಲ.

ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಿರುವುದಿಲ್ಲ. ಮುಂಬೈ ದ್ವೀಪದ ಭಾಗಕ್ಕೆ ಆಟೋ ಬರುವಂತಿಲ್ಲ. ಪಶ್ಚಿಮದಲ್ಲಿ ಬಾಂದ್ರಾ, ಪೂರ್ವದಲ್ಲಿ ಸಾಯನ್ ದಾಟಿ ದಕ್ಷಿಣಕ್ಕೆ ಟ್ಯಾಕ್ಸಿ ಮಾತ್ರ. ಅಂಧೇರಿಯಿಂದ ಆಟೋ ಹಿಡಿದು ಗೇಟ್‌ವೇಗೆ ಹೋಗೋಣ ಅಂದರೆ ಆಗುವುದಿಲ್ಲ.

ಹಾಗಾದರೆ ಎಲ್ಲಿ? ನಿಮ್ಮ ಮನೆಮಂದಿಗೆ ನನ್ನ ಮೊದಲ ಆಯ್ಕೆ ದಾದರ್. ಹುಬ್ಬಳ್ಳಿಯಿಂದ ದಾದರ್‌ಗೆ ನೇರ ರೈಲಿದೆ, ಬೆಳಿಗ್ಗೆ ಅಲ್ಲೇ ಇಳಿಯುತ್ತೀರಿ. ಮಧ್ಯ ರೈಲ್ವೆ, ಪಶ್ಚಿಮ ರೈಲ್ವೆ ಎರಡೂ ಲೋಕಲ್ ಮಾರ್ಗಗಳು ಕೂಡುವ ಜಾಗ ಅದು. ಇದೆಲ್ಲಕ್ಕಿಂತ ದೊಡ್ಡ ಅನುಕೂಲ ಈಗ ಬಂದಿರುವ ಮೆಟ್ರೊ 3. ಆರೆಯಿಂದ ಕಫ್ ಪರೇಡ್‌ವರೆಗಿನ ಈ 33.5 ಕಿಲೋಮೀಟರ್ ಸುರಂಗ ಮಾರ್ಗ 2025ರ ಅಕ್ಟೋಬರಿನಲ್ಲಿ ಪೂರ್ತಿ ಶುರುವಾಯಿತು. ದಾದರ್‌ನಲ್ಲಿ ಹತ್ತಿದರೆ ಮುಂದಿನ ಸ್ಟೇಷನ್ನೇ ಸಿದ್ಧಿವಿನಾಯಕ. ಅದೇ ಗಾಡಿ ವರಳಿ, ನೆಹರೂ ವಿಜ್ಞಾನ ಕೇಂದ್ರ, ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್), ಹುತಾತ್ಮಾ ಚೌಕ, ಚರ್ಚ್‌ಗೇಟ್ ಕಡೆಗೆ ಹೋಗುತ್ತದೆ. ಲಿಫ್ಟ್ ಇದೆ, ಎಸ್ಕಲೇಟರ್ ಇದೆ, ಎ.ಸಿ. ಇದೆ. ಶುರುವಾದಾಗಿನ ದರ 10ರಿಂದ 70 ರೂಪಾಯಿ. ಗೇಟ್‌ವೇಗೆ ಹುತಾತ್ಮಾ ಚೌಕದಲ್ಲಿ ಇಳಿದರೆ ಮುಂದಿನದು ಚಿಕ್ಕ ಟ್ಯಾಕ್ಸಿ ದಾರಿ. ಈ ಮಾರ್ಗ ಬರುವ ಮೊದಲು ವಯಸ್ಸಾದವರಿದ್ದ ಕುಟುಂಬಗಳಿಗೆ ನಾನು ಕೋಟೆ ಪ್ರದೇಶ, ಅಂದರೆ ಫೋರ್ಟ್ ಬಿಟ್ಟು ಬೇರೆ ಕಡೆ ಹೇಳುತ್ತಲೇ ಇರಲಿಲ್ಲ.

ಮುಂಬೈಯಲ್ಲಿ ‘ಈಸ್ಟ್’, ‘ವೆಸ್ಟ್’ ಅಂದರೆ ರೈಲು ಹಳಿಯ ಆ ಕಡೆ, ಈ ಕಡೆ. ನಕಾಶೆಯಲ್ಲಿ ಅರ್ಧ ಕಿಲೋಮೀಟರ್ ಕಂಡರೂ ನಡುವೆ ಹಳಿ ಇದ್ದರೆ ಸೇತುವೆ ಹತ್ತಬೇಕು, ಇಲ್ಲವೇ ಸುತ್ತು ಹಾಕಬೇಕು. ಹುಬ್ಬಳ್ಳಿ ರೈಲು ನಿಲ್ಲುವುದು ದಾದರ್‌ನ ಪೂರ್ವದ ಕಡೆ, ಮೆಟ್ರೊ 3 ಇರುವುದು ಪಶ್ಚಿಮದಲ್ಲಿ. ಎರಡೂ ಕಡೆ ಒಂದೇ ತರಹದ ರೂಮ್ ಒಂದೇ ದರಕ್ಕೆ ಸಿಕ್ಕರೆ ಪಶ್ಚಿಮವನ್ನೇ ಹಿಡಿಯಿರಿ. ಹೋದ ದಿನ, ಬರುವ ದಿನ ಟ್ಯಾಕ್ಸಿ ಆಗಲಿ, ನಡುವಿನ ದಿನಗಳು ತಾಯಿಯವರಿಗೆ ಹಗುರಾಗುತ್ತವೆ. ಒಂದು ಎಚ್ಚರಿಕೆ: ವಿಜಯದಶಮಿಯ ಸಂಜೆ ದಾದರ್ ಪಶ್ಚಿಮದ ಶಿವಾಜಿ ಪಾರ್ಕಿನಲ್ಲಿ ಶಿವಸೇನೆಯ ದಸರಾ ಮೇಳಾವಾ, ಅಂದರೆ ದೊಡ್ಡ ರಾಜಕೀಯ ಸಭೆ ನಡೆಯುವ ರೂಢಿ ಇದೆ. ರಸ್ತೆಗಳು ಕಟ್ಟಿಹೋಗುತ್ತವೆ. ಹಿಂದಿನ ದಿನದಿಂದಲೇ ಹೂವಿನ ಮಾರುಕಟ್ಟೆಯ ಗದ್ದಲವೂ ಇರುತ್ತದೆ. ಆ ಎರಡು ದಿನ ಊರಲ್ಲೇ ಹಬ್ಬ ಮಾಡಿ, ಬನ್ನಿ ಕೊಟ್ಟು, ಮರುದಿನ ರೈಲು ಹತ್ತಿ. ಹಾಗೆಯೇ ಡಿಸೆಂಬರ್ 6ರ ಸುತ್ತ ಹೋಗುವವರು ತಿಳಿದಿರಲಿ: ಬಾಬಾಸಾಹೇಬ ಅಂಬೇಡ್ಕರ್ ಅವರ ಮಹಾಪರಿನಿರ್ವಾಣ ದಿನಕ್ಕೆ ದಾದರ್‌ನ ಚೈತ್ಯಭೂಮಿಗೆ ಲಕ್ಷಾಂತರ ಜನ ಬರುತ್ತಾರೆ, ಆಗ ಅಲ್ಲಿ ಖೋಲಿ ಸಿಗುವುದು ಕಷ್ಟ.

ದಾದರ್ ಪಕ್ಕದ ಮಾಟುಂಗಾದ ಕಡೆ ಒಳ್ಳೆಯ ರೂಮ್ ಕಂಡರೆ ಬಿಡಬೇಡಿ. ಅಲ್ಲಿ ನಮ್ಮ ನಾಲಿಗೆಗೆ ಒಗ್ಗುವ ಊಟ ಸಿಗುತ್ತದೆ. 1942ರಿಂದ ನಡೆಯುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಅಲ್ಲಿನ ಸ್ಟೇಷನ್ ಹತ್ತಿರವೇ ಇದೆ. ತಾಯಿಯವರಿಗೆ ರೊಟ್ಟಿ ಬೇಕೇ ಬೇಕು ಅಂದರೆ ದಾದರ್‌ನ ಮರಾಠಿ ಊಟದ ಮನೆಗಳಲ್ಲಿ ಜೋಳದ ಭಾಕರಿ ಕೇಳಿ, ನಮ್ಮ ರೊಟ್ಟಿಗಿಂತ ತುಸು ದಪ್ಪ, ಅಷ್ಟೇ. ಮಕ್ಕಳು, ವಯಸ್ಸಾದವರು ಇರುವಾಗ ಊಟ ಹತ್ತಿರ ಸಿಗುವುದು ಬಾಡಿಗೆಯಷ್ಟೇ ಮುಖ್ಯ.

ಎರಡನೆಯ ಆಯ್ಕೆ ಫೋರ್ಟ್, ಸಿಎಸ್‌ಎಂಟಿ ಸುತ್ತಮುತ್ತ. ಹೊಸಪೇಟೆಯಿಂದ ಬಂದು ನಿಮ್ಮ ಗದಗ, ಬಾಗಲಕೋಟೆ, ವಿಜಯಪುರ, ಸೊಲ್ಲಾಪುರದ ಮೇಲೆ ಮುಂಬೈಗೆ ಹೋಗುವ ರೈಲು ಹಿಡಿದರೆ ಸಿಎಸ್‌ಎಂಟಿಯಲ್ಲೇ ಇಳಿಯುತ್ತೀರಿ, ಹುಬ್ಬಳ್ಳಿಗೆ ಬರುವ ತಾಪತ್ರಯವೂ ಇಲ್ಲ. ಗೇಟ್‌ವೇ, ವಸ್ತುಸಂಗ್ರಹಾಲಯ, ಮರೀನ್ ಡ್ರೈವ್ ಎಲ್ಲ ಹತ್ತಿರ. ರೂಮುಗಳು ಮಾತ್ರ ಚಿಕ್ಕವು, ಕಟ್ಟಡಗಳು ಹಳೆಯವು. ಅಲ್ಲಿಂದ ಮುಂದೆ ಕೊಲಾಬಾಕ್ಕೆ ಹೋದಂತೆ ಸಮುದ್ರದ ಹೆಸರಲ್ಲಿ ಬಾಡಿಗೆ ಏರುತ್ತದೆ, ಶನಿವಾರ ಭಾನುವಾರ ಇನ್ನೂ ಏರುತ್ತದೆ. ಅಂಧೇರಿ ಪೂರ್ವ, ಬಿಕೆಸಿ (ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್) ಇಂಥ ಕಚೇರಿಗಳ ಪ್ರದೇಶದಲ್ಲಿ ಇದಕ್ಕೆ ಉಲ್ಟಾ. ಅಲ್ಲಿ ಸೋಮವಾರದಿಂದ ಗುರುವಾರದವರೆಗೆ ಕಂಪನಿ ಗಿರಾಕಿಗಳು, ವಾರಾಂತ್ಯಕ್ಕೆ ರೂಮ್ ಖಾಲಿ, ಹಾಗಾಗಿ ಶುಕ್ರವಾರ ರಾತ್ರಿಯಿಂದ ದರ ಇಳಿಯುತ್ತದೆ. ನೀವು ಆ್ಯಪ್‌ನಲ್ಲಿ ಕಂಡ ‘ಅಗ್ಗ’ ಇಂಥದ್ದೇ ಇರಬಹುದು, ಯಾವ ವಾರಕ್ಕೆ ಹುಡುಕಿದಿರಿ ನೋಡಿಕೊಳ್ಳಿ.

ವಿಳಾಸದ ಪಿನ್‌ಕೋಡ್ ಓದುವುದನ್ನು ರೂಢಿ ಮಾಡಿಕೊಳ್ಳಿ. ಹೋಟೆಲಿನ ಹೆಸರಲ್ಲಿ ‘ಮುಂಬೈ’ ಇದ್ದರೆ ಅದು ಮುಂಬೈಯಲ್ಲೇ ಇದೆ ಅಂತಲ್ಲ. ಫೋರ್ಟ್ 400001, ದಾದರ್ 400014 ಮತ್ತು 400028, ಮಾಟುಂಗಾ 400019. ಹೀಗೆ 4000ರಿಂದ ಶುರುವಾದರೆ ಮುಂಬೈ. 4006 ಅಂದರೆ ಠಾಣೆ ಕಡೆಯದು, 4007 ಅಂದರೆ ವಾಶಿ, ನೇರುಳದಂಥ ನವಿ ಮುಂಬೈ. 401ರಿಂದ ಶುರುವಾದರೆ ಮೀರಾ ರೋಡ್, ವಸಯಿ ಕಡೆ. ಪಿನ್‌ಕೋಡ್ ಒಂದನ್ನೇ ನೋಡಿ ಅರ್ಧ ಪಟ್ಟಿ ಹೊಡೆದುಹಾಕಬಹುದು.

ದಸರಾ ರಜೆ ನಿಮಗೆ ಒಂದು ರೀತಿಯಲ್ಲಿ ಒಳ್ಳೆಯದೇ. ನಮ್ಮ ಮಕ್ಕಳಿಗೆ ದಸರಾಕ್ಕೆ ರಜೆ, ಮಹಾರಾಷ್ಟ್ರದ ಶಾಲೆಗಳಿಗೆ ದೊಡ್ಡ ರಜೆ ದೀಪಾವಳಿಗೆ. ಆದ್ದರಿಂದ ಅಲ್ಲಿನ ಜನರ ರಜೆಯ ನೂಕುನುಗ್ಗಲು ಇನ್ನೂ ಶುರುವಾಗಿರುವುದಿಲ್ಲ. ಆದರೆ ಅಕ್ಟೋಬರಿನಲ್ಲಿ ಮಳೆ ಹಿಂದೆ ಸರಿದ ಮೇಲೆ ಮುಂಬೈಯಲ್ಲಿ ಸೆಕೆ ಜೋರು, ನಮ್ಮ ಗದಗಿನ ಒಣ ಬಿಸಿಲಲ್ಲ, ಬೆವರು ಹರಿಸುವ ಸೆಕೆ. ಎ.ಸಿ. ಇಲ್ಲದ ರೂಮ್ ಹಿಡಿದು ರೊಕ್ಕ ಉಳಿಸುವ ಯೋಚನೆ ಈ ತಿಂಗಳಲ್ಲಿ ಬೇಡ.

ಈಗ ರೂಮ್ ಎಷ್ಟು ಅನ್ನುವುದು. ಐದು ಜನಕ್ಕೆ ಒಂದೇ ಖೋಲಿ ಅಂತ ಹುಡುಕಬೇಡಿ. ಮುಂಬೈಯ ಸಾಮಾನ್ಯ ಲಾಡ್ಜಿನ ಡಬಲ್ ರೂಮಿನಲ್ಲಿ ಒಂದು ಹೆಚ್ಚುವರಿ ಗಾದಿ ಹಾಸಿದರೆ ಕಾಲಿಡಲು ಜಾಗ ಇರುವುದಿಲ್ಲ. ರಾತ್ರಿ ತಾಯಿಯವರು ಎದ್ದು ಬಾತ್‌ರೂಮಿಗೆ ಹೋಗಬೇಕಾದರೆ ಯಾರನ್ನಾದರೂ ದಾಟಿಕೊಂಡೇ ಹೋಗಬೇಕು. ಮಧ್ಯಮ ದರದ ಎರಡು ಡಬಲ್ ರೂಮ್, ಅಕ್ಕಪಕ್ಕ, ಒಂದೇ ಮಹಡಿಯಲ್ಲಿ. ಒಂದರಲ್ಲಿ ಅಜ್ಜಿ, ಮೊಮ್ಮಗ. ಇನ್ನೊಂದರಲ್ಲಿ ನೀವಿಬ್ಬರು, ಮಗಳು. ಬುಕ್ ಮಾಡುವಾಗ ಮಕ್ಕಳ ವಯಸ್ಸನ್ನು ಸರಿಯಾಗಿ ಹಾಕಿ. 7 ವರ್ಷದ ಮಗಳು ಅಪ್ಪ-ಅಮ್ಮನ ಹಾಸಿಗೆಯಲ್ಲೇ ಮಲಗಿದರೆ ಹಲವು ಕಡೆ ರೊಕ್ಕ ಹಿಡಿಯುವುದಿಲ್ಲ. 12 ದಾಟಿದ ಮಗನನ್ನು ಸಾಮಾನ್ಯವಾಗಿ ದೊಡ್ಡವರ ಲೆಕ್ಕಕ್ಕೇ ಸೇರಿಸುತ್ತಾರೆ. ‘ಚಿಕ್ಕ ಹುಡುಗ’ ಅಂತ ಹೇಳಿ ಹೋದರೆ ಕೌಂಟರಿನಲ್ಲಿ ವಾದ ತಪ್ಪದು.

ತೆರಿಗೆಯಲ್ಲೂ ನಿಮಗೆ ಅನುಕೂಲವಾಗಿದೆ. ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಮೊದಲು ಶೇ. 12 ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 5 ಆಗಿದೆ. ತಲಾ 2,000 ರೂಪಾಯಿಯ ಎರಡು ರೂಮ್ ನಾಲ್ಕು ರಾತ್ರಿಗೆ 16,000 ರೂಪಾಯಿ. ಅದರ ಮೇಲೆ ತೆರಿಗೆ ಮೊದಲಾಗಿದ್ದರೆ 1,920 ಆಗುತ್ತಿತ್ತು, ಈಗ 800. ದರ ಕೇಳುವಾಗ ‘ಟ್ಯಾಕ್ಸ್ ಸೇರಿಸಿ ಎಷ್ಟು’ ಅಂತಲೇ ಕೇಳಿ. ಬಿಲ್ಲಿನಲ್ಲಿ ಇನ್ನೂ ಶೇ. 12 ಹಾಕಿದ್ದರೆ ಅಲ್ಲೇ ತೋರಿಸಿ ತೆಗೆಸಿ.

ಬುಕ್ ಮಾಡುವ ಕ್ರಮ ಹೀಗಿರಲಿ. ಆ್ಯಪ್‌ನಲ್ಲಿ ನಾಲ್ಕೈದು ಹೋಟೆಲ್ ಆರಿಸಿ, ಆದರೆ ಅಲ್ಲೇ ರೊಕ್ಕ ಕಟ್ಟಬೇಡಿ. ಒಂದೊಂದಕ್ಕೂ ಫೋನ್ ಮಾಡಿ. ಆ್ಯಪ್‌ಗಳು ಹೋಟೆಲಿನವರಿಂದ ಕಮಿಷನ್ ತೆಗೆದುಕೊಳ್ಳುತ್ತವೆ, ಆದ್ದರಿಂದ ನೇರವಾಗಿ ಬರುವ ಗಿರಾಕಿಗೆ ಸ್ವಲ್ಪ ಬಿಡಲು ಅವರಿಗೆ ಅವಕಾಶ ಇರುತ್ತದೆ. ದಾದರ್, ಮಾಟುಂಗಾ, ಫೋರ್ಟ್ ಕಡೆ ಉಡುಪಿ-ಮಂಗಳೂರಿನವರು ನಡೆಸುವ ಹೋಟೆಲುಗಳು ಬಹಳ. ಕನ್ನಡದಲ್ಲೇ ಮಾತು ಶುರು ಮಾಡಿ ನೋಡಿ. ಆ ಕಡೆಯಿಂದ ಕನ್ನಡದಲ್ಲಿ ಉತ್ತರ ಬಂದರೆ ರೂಮಿನ ನಿಜಸ್ಥಿತಿ ಬಿಚ್ಚಿ ಹೇಳುತ್ತಾರೆ. 1956ರವರೆಗೆ ನಮ್ಮ ಧಾರವಾಡ ಜಿಲ್ಲೆ, ಗದಗ-ಹಾವೇರಿ ಸಹಿತ, ಮುಂಬೈ ಸರ್ಕಾರದ ಕೆಳಗೇ ಇತ್ತು. ಆ ಊರಿನಲ್ಲಿ ನಮ್ಮ ಮಾತು ಪರಕೀಯವಲ್ಲ.

ಫೋನಿನಲ್ಲಿ ಕೇಳಲೇಬೇಕಾದ್ದು ಲಿಫ್ಟ್ ಬಗ್ಗೆ. ‘ಲಿಫ್ಟ್ ಇದೆಯಾ’ ಅಂದರೆ ಸಾಲದು. ‘ರಸ್ತೆಯಿಂದ ಲಿಫ್ಟಿನ ಬಾಗಿಲವರೆಗೆ ಎಷ್ಟು ಮೆಟ್ಟಿಲು’ ಅಂತ ಕೇಳಿ. ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಹತ್ತುವ ಮೊದಲೇ ಎಂಟು ಹತ್ತು ಮೆಟ್ಟಿಲು ಏರಬೇಕಾದದ್ದುಂಟು. ಕಮೋಡ್ ಇದೆಯಾ, ಬಿಸಿನೀರು ಇಡೀ ದಿನವೋ ಬೆಳಿಗ್ಗೆ ಮಾತ್ರವೋ ಕೇಳಿ. ಕಿಟಕಿ ಇದೆಯಾ ಅನ್ನುವುದನ್ನು ಮರೆಯಬೇಡಿ, ಮುಂಬೈಯ ಅಗ್ಗದ ರೂಮುಗಳಲ್ಲಿ ಎಷ್ಟೋ ಸಲ ಕಿಟಕಿಯೇ ಇರುವುದಿಲ್ಲ, ಫೋಟೋದಲ್ಲಿ ಪರದೆ ಮಾತ್ರ ಕಾಣುತ್ತದೆ. ರೂಮಿನ ವಿಡಿಯೊ ವಾಟ್ಸ್ಆ್ಯಪ್‌ನಲ್ಲಿ ಕಳಿಸಲು ಹೇಳಿ. ಒಳ್ಳೆಯ ರೂಮ್ ಇರುವವರು ಕಳಿಸುತ್ತಾರೆ.

ಚೆಕ್‌ಇನ್ ಸಮಯ ನಮ್ಮ ಕಡೆಯವರಿಗೆ ಪ್ರತಿ ಸಲ ಕಾಡುವ ಸಂಗತಿ. ರಾತ್ರಿ ರೈಲು ಇಲ್ಲವೇ ಸ್ಲೀಪರ್ ಬಸ್ಸಿನಲ್ಲಿ ಹೋಗಿ ಮುಂಜಾನೆ ಇಳಿಯುತ್ತೀರಿ. ಹೋಟೆಲ್ ರೂಮ್ ಕೊಡುವುದು ಮಧ್ಯಾಹ್ನ 12ಕ್ಕೆ, ಕೆಲವು ಕಡೆ 2ಕ್ಕೆ. ಹಳೆಯ ಲಾಡ್ಜುಗಳಲ್ಲಿ ಕೆಲವರು ಇನ್ನೂ 24 ಗಂಟೆಯ ಲೆಕ್ಕ ಇಟ್ಟಿದ್ದಾರೆ, ಅಂದರೆ ಬೆಳಿಗ್ಗೆ 7ಕ್ಕೆ ಹೋದರೆ ಮರುದಿನ 7ಕ್ಕೆ ಒಂದು ದಿನ. ನಿಮ್ಮಂಥವರಿಗೆ ಅದೇ ಉತ್ತಮ, ಕೇಳಿ ನೋಡಿ. ಇಲ್ಲದಿದ್ದರೆ ಎರಡರಲ್ಲಿ ಒಂದು ರೂಮನ್ನಾದರೂ ಬೆಳಿಗ್ಗೆ ಬೇಗ ಕೊಡುತ್ತೀರಾ, ಎಷ್ಟು ಹೆಚ್ಚು ಅಂತ ಮೊದಲೇ ಮಾತಾಡಿ, ಆ ಮಾತನ್ನು ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಅದೂ ಆಗದಿದ್ದರೆ ರೈಲ್ವೆಯ ವಿಶ್ರಾಂತಿ ಕೊಠಡಿ ಇದೆ. ಕನ್ಫರ್ಮ್ ಇಲ್ಲವೇ ಆರ್‌ಎಸಿ ಟಿಕೆಟಿನ ಪಿಎನ್‌ಆರ್ ಹಾಕಿ ಐಆರ್‌ಸಿಟಿಸಿಯಲ್ಲಿ ಮೊದಲೇ ಕಾದಿರಿಸಬಹುದು. ಸಿಕ್ಕರೆ ಸ್ನಾನ, ನಾಷ್ಟಾ ಮುಗಿಸಿ ನಿರಾಳವಾಗಿ ಹೊರಡಬಹುದು.

ಆ್ಯಪ್‌ನಲ್ಲೇ ಬುಕ್ ಮಾಡುವುದಾದರೆ ‘ಉಚಿತ ರದ್ದತಿ’ ಇರುವ ದರವನ್ನೇ ತೆಗೆದುಕೊಳ್ಳಿ, ನೂರಿನ್ನೂರು ಹೆಚ್ಚಾದರೂ ಸರಿ. ವಯಸ್ಸಾದವರು, ಮಕ್ಕಳು ಇರುವ ಮನೆಯಲ್ಲಿ ಹೊರಡುವ ಹಿಂದಿನ ದಿನ ಜ್ವರ ಬರಬಾರದು ಅಂತೇನೂ ಇಲ್ಲ. ‘ಒಂದೇ ರೂಮ್ ಉಳಿದಿದೆ, ಹತ್ತು ಜನ ನೋಡುತ್ತಿದ್ದಾರೆ’ ಎಂಬ ಕೆಂಪಕ್ಷರಕ್ಕೆ ಹೆದರಬೇಡಿ. ಇಂಥ ಸುಳ್ಳು ಅವಸರ ಹುಟ್ಟಿಸುವುದನ್ನು, ಕೇಳದೆ ವಿಮೆಯನ್ನೋ ದೇಣಿಗೆಯನ್ನೋ ಬಿಲ್ಲಿಗೆ ಸೇರಿಸುವುದನ್ನು, ಕೊನೆಯ ಪುಟದಲ್ಲಿ ಶುಲ್ಕ ಏರಿಸುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ಕಂಡರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಮೋಸದ ಬಗ್ಗೆ ಗಟ್ಟಿಯಾಗಿ ಹೇಳಬೇಕು, ಯಾಕಂದರೆ ನಮ್ಮ ಜನ ಇದರಲ್ಲಿ ರೊಕ್ಕ ಕಳೆದುಕೊಳ್ಳುವುದು ನನಗೆ ನೋಡಲಾಗದು. ಹೆಸರಾಂತ ಹೋಟೆಲು, ಯಾತ್ರಿ ನಿವಾಸಗಳ ಹೆಸರಲ್ಲಿ ನಕಲಿ ಜಾಲತಾಣ, ನಕಲಿ ಫೋನ್ ನಂಬರ್ ಇಟ್ಟು ಮುಂಗಡ ಹಾಕಿಸಿಕೊಳ್ಳುತ್ತಾರೆ. ಪೂರ್ತಿ ರೊಕ್ಕ ಮೊದಲೇ ಯಾರಿಗೂ ಕಳಿಸಬೇಡಿ, ಒಂದು ರಾತ್ರಿಯ ಬಾಡಿಗೆ ಸಾಕು. ಯುಪಿಐನಲ್ಲಿ ಹೋಟೆಲಿನ ಹೆಸರಿನ ಬದಲು ಯಾರೋ ವ್ಯಕ್ತಿಯ ಹೆಸರು ಬಂದರೆ ಅಲ್ಲೇ ನಿಲ್ಲಿಸಿ. ಹೋಟೆಲಿನ ಜಿಎಸ್‌ಟಿ ಸಂಖ್ಯೆ ಕೇಳಿ: ಮಹಾರಾಷ್ಟ್ರದ್ದು 27ರಿಂದ ಶುರುವಾಗುತ್ತದೆ, ನಮ್ಮದು 29. ಆ ಸಂಖ್ಯೆಯನ್ನು ಜಿಎಸ್‌ಟಿ ಜಾಲತಾಣದಲ್ಲಿ ಹಾಕಿದರೆ ಅದು ಯಾರ ಹೆಸರಲ್ಲಿದೆ ಅಂತ ತೋರಿಸುತ್ತದೆ. ಸಣ್ಣ ಲಾಡ್ಜಿಗೆ ಜಿಎಸ್‌ಟಿ ಇಲ್ಲದಿರಬಹುದು, ಆಗ ಮುಂಗಡವನ್ನೇ ಕೊಡಬೇಡಿ. ರೊಕ್ಕ ಹೋಗಿಯೇಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ನಿಮ್ಮ ಡೊಂಬಿವಲಿಯ ಸಂಬಂಧಿಕರ ಸಹಾಯ ಇಲ್ಲಿ ತೆಗೆದುಕೊಳ್ಳಿ. ಅವರ ಮನೆಯಲ್ಲಿ ಇಳಿಯದಿರುವ ನಿಮ್ಮ ತೀರ್ಮಾನ ಸರಿಯಾಗಿದೆ, ಅಲ್ಲಿಂದ ದಿನಾ ದಕ್ಷಿಣ ಮುಂಬೈಗೆ ಬರುವುದು ಲೋಕಲ್‌ನಲ್ಲಿ ಒಂದು ಗಂಟೆಗೂ ಹೆಚ್ಚಿನ ದಾರಿ. ಆದರೆ ಅವರಿಗೆ ದಾದರ್ ನೇರ ಲೋಕಲ್. ಯಾವಾಗಾದರೂ ಆ ಕಡೆ ಬಂದಾಗ ನೀವು ಆರಿಸಿದ ಹೋಟೆಲಿಗೆ ಹೋಗಿ ರೂಮ್, ಲಿಫ್ಟ್, ಅಕ್ಕಪಕ್ಕದ ಬೀದಿ ನೋಡಿ ಬರಲು ಹೇಳಿ. ಹತ್ತು ನಿಮಿಷದ ಕೆಲಸ, ನೂರು ವಿಮರ್ಶೆ ಓದುವುದಕ್ಕಿಂತ ಮೇಲು.

ರೈಲು ಟಿಕೆಟ್ ಈಗ 60 ದಿನ ಮೊದಲು ಮಾತ್ರ ತೆರೆಯುತ್ತದೆ, ಮೊದಲಿನ 120 ದಿನದ ಲೆಕ್ಕ 2024ರ ನವೆಂಬರಿನಿಂದ ಇಲ್ಲ. ಟಿಕೆಟ್ ತೆರೆಯುವ ಮೊದಲೇ ರದ್ದು ಮಾಡಬಹುದಾದ ರೂಮ್ ಒಂದನ್ನು ಕೈಯಲ್ಲಿ ಇಟ್ಟುಕೊಳ್ಳಿ, ಟಿಕೆಟ್ ಖಚಿತವಾದ ದಿನವೇ ಇನ್ನೊಮ್ಮೆ ದರ ಹೋಲಿಸಿ. ನೋಡುವ ಜಾಗಗಳ ದಿನಗಳನ್ನೂ ಆಗಲೇ ಹೊಂದಿಸಿ: ಎಲಿಫೆಂಟಾ ಗುಹೆಗಳು ಸೋಮವಾರ ಮುಚ್ಚಿರುತ್ತವೆ, ಭಾಯಖಳಾದ (ಬೈಕುಲ್ಲಾ) ರಾಣಿಬಾಗ್ ಮೃಗಾಲಯ ಬುಧವಾರ. ಸಿದ್ಧಿವಿನಾಯಕನಿಗೆ ಮಂಗಳವಾರ ಬಿಟ್ಟು ಹೋದರೆ ತಾಯಿಯವರು ಸಾಲಿನಲ್ಲಿ ನಿಲ್ಲುವ ಹೊತ್ತು ಕಡಿಮೆಯಾಗುತ್ತದೆ. ಎಲಿಫೆಂಟಾದಲ್ಲಿ ಮೆಟ್ಟಿಲು ಬಹಳ, ಆ ದಿನ ಅವರು ರೂಮಿನಲ್ಲೇ ಇರಲಿ. ಹತ್ತಿರ ಊಟ ಸಿಗುವ ಜಾಗ ಹಿಡಿಯಿರಿ ಅಂದದ್ದು ಇದಕ್ಕೂ ಸೇರಿ.

ದೊಡ್ಡವರೆಲ್ಲರ ಗುರುತಿನ ಚೀಟಿಯ ಮೂಲಪ್ರತಿ ಬೇಕು. ಆಧಾರ್ ನಕಲು ಕೊಡುವಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ‘ಮಾಸ್ಕ್ಡ್ ಆಧಾರ್’ ಕೊಡಿ, ಅದನ್ನು ಯುಐಡಿಎಐ ಜಾಲತಾಣದಿಂದ ಇಳಿಸಿಕೊಳ್ಳಬಹುದು. ಹೋಟೆಲಿನಲ್ಲೇ ಊಟ ಮಾಡಿದರೆ ಬಿಲ್ಲಿನಲ್ಲಿ ‘ಸರ್ವಿಸ್ ಚಾರ್ಜ್’ ಇದೆಯೇ ನೋಡಿ. ಅದನ್ನು ತಾನಾಗಿ ಸೇರಿಸುವಂತಿಲ್ಲ ಎಂಬ 2022ರ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಎತ್ತಿಹಿಡಿದಿದೆ.

ಕೊನೆಯ ದಿನ ಮಧ್ಯಾಹ್ನ ರೂಮ್ ಬಿಡಬೇಕು, ನಿಮ್ಮ ರೈಲು ರಾತ್ರಿ. ಎರಡು ರೂಮ್ ಹಿಡಿದದ್ದು ಆಗ ಉಪಯೋಗಕ್ಕೆ ಬರುತ್ತದೆ. ಒಂದನ್ನು ಬಿಟ್ಟುಕೊಟ್ಟು ಇನ್ನೊಂದನ್ನು ಸಂಜೆವರೆಗೆ ಅರ್ಧ ದಿನದ ಬಾಡಿಗೆಗೆ ಕೇಳಿ. ಈ ಮಾತು ಹೋದ ದಿನವೇ ಕೌಂಟರಿನಲ್ಲಿ ಆಗಲಿ, ಕೊನೆಯ ದಿನ ಕೇಳಿದರೆ ಅದು ಬೇರೆಯವರಿಗೆ ಹೋಗಿರುತ್ತದೆ. ತಾಯಿಯವರು ಮಧ್ಯಾಹ್ನ ಮಲಗಿ ಏಳಲಿ, ಸಾಮಾನು ಅಲ್ಲೇ ಇರಲಿ, ನೀವು ಮಕ್ಕಳನ್ನು ಕರೆದುಕೊಂಡು ಮರೀನ್ ಡ್ರೈವ್ ನೋಡಿ ಬನ್ನಿ. ಹೊರಡುವ ಒಂದು ತಾಸು ಮೊದಲು ಬಿಲ್ ಚುಕ್ತಾ ಮಾಡಿ, ರಾತ್ರಿಯ ಬುತ್ತಿ ಕಟ್ಟಿಸಿಕೊಂಡು ಸ್ಟೇಷನ್ನಿಗೆ ಹೊರಡಿ.